ಕಾಣೆಯಾದ ಎರಡು ಓಟು

"ತಡಿ, ಆ ನಂಬರ್ ಇನ್ನೊಂದ್ಸಲ ಓದು," ಎಂದಳು ಆರ್ಡಿಸ್.

ಮತಪೆಟ್ಟಿಗೆಯ ಸೀಲಿಗೆ ಕತ್ತರಿ ಹಿಡಿದಿದ್ದ ಲೊರೆಟ್ಟಾ ಕೈ ತಡೆದಳು. ಕನ್ನಡಕ ಮೇಲಕ್ಕೇರಿಸಿ, ಸೀಲಿನ ಮೇಲಿನ ಆರು ಅಂಕಿಗಳನ್ನು ಮಕ್ಕಳಿಗೆ ಹೇಳಿಕೊಡುವ ಹಾಗೆ ಒಂದೊಂದಾಗಿ ಓದಿದಳು. ಆರ್ಡಿಸ್ ತನ್ನ ಚೀಟಿಯೊಡನೆ ತಾಳೆ ನೋಡಿದಳು. ಎಲ್ಲ ಸರಿಯಾಗಿತ್ತು. ಅಷ್ಟು ಸರಿಯಾಗಿದ್ದದ್ದೇ ಅವಳ ಅನುಮಾನವನ್ನು ಹೆಚ್ಚಿಸಿತು.

ಲೊರೆಟ್ಟಾ ನಮ್ಮ ಕೌಂಟಿಯ ಚುನಾವಣಾ ಅಧಿಕಾರಿ. ಚರ್ಚಿನ ಗಾಯನದಲ್ಲಿ ಮೂವತ್ತು ವರ್ಷ ಆರ್ಡಿಸಳ ಪಕ್ಕದಲ್ಲಿ ನಿಂತು ಹಾಡಿದವಳು. ಚುನಾವಣೆಯಾದ ಮೇಲೆ ಬಂದ ಮೂರು ಭಾನುವಾರವೂ ಆರ್ಡಿಸ್ ಹಿಂದಿನ ಸಾಲಿಗೆ ಹೋಗಿ ನಿಂತಿದ್ದಳು. ಏಕೆಂದು ಯಾರೂ ಕೇಳಲಿಲ್ಲ. ನಮ್ಮ ಡಕೋಟಾದ ಜನ ಕೇಳುವುದಿಲ್ಲ, ಮನೆಗೆ ಹೋಗಿ ಮಾತಾಡಿಕೊಳ್ಳುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಊರಿನ ಆಂಬ್ಯುಲೆನ್ಸ್. ಇಪ್ಪತ್ತೆರಡು ವರ್ಷದಿಂದ ಆರ್ಡಿಸ್ ಮತ್ತು ಗಾರ್ಡಿ ಇಬ್ಬರೇ ಸಂಬಳವಿಲ್ಲದೆ ಅದನ್ನು ಓಡಿಸುತ್ತಿದ್ದರು. ಗಾಡಿಗೆ ವಯಸ್ಸಾಗಿತ್ತು. ಜಮೀನಿನ ತೆರಿಗೆ ಸ್ವಲ್ಪ ಏರಿಸಿ ಅದನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಮತದಾರರನ್ನೇ ಕೇಳಲಾಗಿತ್ತು. ಗವರ್ನರ್, ಸೆನೆಟರ್ ಎಲ್ಲರ ಹೆಸರು ಮುಗಿದ ಮೇಲೆ ಬ್ಯಾಲೆಟ್ಟಿನ ಹಿಂಬದಿಯಲ್ಲಿ ಆ ಒಂದು ಪ್ರಶ್ನೆ. 'ಬೇಕು' ಎಂಬುದರ ಪಕ್ಕ ಒಂದು ಸೊನ್ನೆ, 'ಬೇಡ' ಎಂಬುದರ ಪಕ್ಕ ಇನ್ನೊಂದು. ಒಂದನ್ನು ಪೆನ್ನಿನಲ್ಲಿ ತುಂಬಬೇಕು. ಯಂತ್ರ ಎಣಿಸಿ ಹೇಳಿದ್ದು ಹೀಗೆ: ಬೇಕು ನಾನೂರ ಹನ್ನೊಂದು, ಬೇಡ ನಾನೂರ ಹನ್ನೊಂದು. ಸಮ ಬಂದರೆ ಸೋತ ಲೆಕ್ಕ. ಸೋತರೆ ಡಿಸೆಂಬರ್ ಕೊನೆಗೆ ಗಾಡಿ ನಿಲ್ಲುತ್ತದೆ, ಆಮೇಲೆ ಎದೆನೋವು ಬಂದವರು ಐವತ್ತನಾಲ್ಕು ಮೈಲಿ ಆಚೆಯಿಂದ ಬರುವ ಗಾಡಿಗೆ ಕಾಯಬೇಕು.

"ಬ್ರೆಡ್ ಕುಯ್ದಂಗೆ ಸರಿಯಾಗಿ ಅರ್ಧ," ಎಂದಿದ್ದ ಗಾರ್ಡಿ. "ಗವರ್ನರ್ ಕುರ್ಚಿನೇ ಹಾಡುಹಗಲಲ್ಲಿ ಎತ್ಕೊಂಡು ಹೋದೋರು, ನಿನ್ನ ಗಾಡಿ ಬಿಡ್ತಾರಾ ಮಾರಾಯ್ತಿ?"

ಗಾರ್ಡಿ ಹವಾಮಾನ ವರದಿಯನ್ನೂ ನಂಬದ ಆಸಾಮಿ. ಬೇರೆ ದಿನವಾಗಿದ್ದರೆ ಆರ್ಡಿಸ್ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಮತದಾನದ ಪುಸ್ತಕದಲ್ಲಿ ಸಹಿ ಮಾಡಿದವರು ಎಂಟುನೂರ ಇಪ್ಪತ್ತನಾಲ್ಕು ಜನ, ಎಣಿಕೆಗೆ ಬಂದದ್ದು ಎಂಟುನೂರ ಇಪ್ಪತ್ತೆರಡು. ಉಳಿದೆರಡು ಎಲ್ಲಿ ಹೋದವು? ಕೆಲವರು ಖಾಲಿ ಬಿಡುತ್ತಾರೆ, ಕೆಲವರು ತಪ್ಪು ತುಂಬುತ್ತಾರೆ ಎಂದು ಲೊರೆಟ್ಟಾ ಹೇಳಿದ್ದಳು. ಆರ್ಡಿಸಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಸೆನೆಟರನ್ನು ಬೇಕಾದರೆ ಖಾಲಿ ಬಿಟ್ಟಾರು, ಆಂಬ್ಯುಲೆನ್ಸನ್ನು ಯಾರು ಬಿಡುತ್ತಾರೆ? ಲೊರೆಟ್ಟಾಳ ಅಣ್ಣನಿಗೆ ಮೂರು ಸಾವಿರ ಎಕರೆ ಜಮೀನಿತ್ತು, ತೆರಿಗೆ ಏರಿದರೆ ಮೊದಲು ಉರಿಯುವುದು ಅವನಿಗೇ. ಪೆಟ್ಟಿಗೆ ಕೌಂಟಿ ಕಚೇರಿಗೆ ಬಂದದ್ದು ಲೊರೆಟ್ಟಾಳ ಸ್ವಂತ ಗಾಡಿಯಲ್ಲಿ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಹತ್ತು ನಿಮಿಷ ನಿಂತಿದ್ದಳಂತೆ, ಗಾರ್ಡಿಯೇ ಕಂಡಿದ್ದ. ಆ ಹತ್ತು ನಿಮಿಷ ಆರ್ಡಿಸಳ ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು.

ಒಮ್ಮೆ ಅನುಮಾನ ಹೊಕ್ಕರೆ ಯಾರೂ ಉಳಿಯುವುದಿಲ್ಲ. ಹೋಟೆಲಿನಲ್ಲಿ ಯಾರು ಕಣ್ಣು ತಪ್ಪಿಸಿದರು, ಯಾರು ಬೇಕಿಲ್ಲದೆ ಹಲ್ಲು ಬಿಟ್ಟರು ಎಂದು ಅವಳು ಗಮನಿಸತೊಡಗಿದಳು. ಪಕ್ಕದ ಜಮೀನಿನ ವಿಧವೆ ಒಂದು ತಟ್ಟೆ ನಿಂಬೆಯ ಸಿಹಿತಿಂಡಿ ತಂದುಕೊಟ್ಟಾಗ, ಇವಳು 'ಬೇಡ' ತುಂಬಿದವಳೇ ಇರಬೇಕು, ಇಲ್ಲದಿದ್ದರೆ ಇದ್ಯಾಕೆ ಎಂದುಕೊಂಡು ತಟ್ಟೆಯನ್ನು ಮುಟ್ಟಲೇ ಇಲ್ಲ.

ಮರುಎಣಿಕೆ ಕೇಳಲು ಮೂವರು ಮತದಾರರ ಸಹಿ ಬೇಕಿತ್ತು. ಆರ್ಡಿಸ್ ಮತ್ತು ಗಾರ್ಡಿ ಮಾಡಿದರು. ಮೂರನೆಯದಕ್ಕೆ ಅವಳು ಗಂಡ ಡೆಲ್ಮರನನ್ನು ಹುಡುಕಿಕೊಂಡು ಟ್ರ್ಯಾಕ್ಟರ್ ಶೆಡ್ಡಿಗೆ ಹೋದಳು. ಅವನು ಕೈಯ ಎಣ್ಣೆ ಒರೆಸಿಕೊಂಡು ಅವಳು ತೋರಿಸಿದ ಕಡೆ ಸಹಿ ಹಾಕಿದ.

"ಓದಾದ್ರೂ ಓದು," ಎಂದಳು.

"ನೀನು ಓದಿದ್ದೀಯಲ್ಲ," ಎಂದು ಅವನು ಮತ್ತೆ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ.

ಈಗ ಕೌಂಟಿ ಕಚೇರಿಯ ಉದ್ದ ಮೇಜಿನ ಆಚೆ ಲೊರೆಟ್ಟಾ ಮತ್ತು ಇಬ್ಬರು ಎಣಿಸುವವರು, ಈಚೆ ಆರ್ಡಿಸ್ ಮತ್ತು ಗಾರ್ಡಿ. ಒಬ್ಬರು ಬ್ಯಾಲೆಟ್ ಎತ್ತಿ ತೋರಿಸುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಬೇಕು, ಬೇಡ, ಬೇಡ, ಬೇಕು. ಬೆಳಿಗ್ಗೆಯಿಂದ ಇದೇ. ಆರ್ಡಿಸ್ ಕಣ್ಣು ಮಿಟುಕಿಸಲೂ ಜಿಪುಣತನ ಮಾಡಿದಳು. ಹನ್ನೊಂದು ಗಂಟೆಗೆ ಒಂದು ಬ್ಯಾಲೆಟ್ ಸಿಕ್ಕಿತು. ಯಾರೋ ಮಂಕಾದ ಸೀಸದಕಡ್ಡಿಯಲ್ಲಿ 'ಬೇಕು' ತುಂಬಿದ್ದರು. ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ, ಮನುಷ್ಯರ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು.

ಗಾರ್ಡಿ ಮೇಜಿನಡಿ ಅವಳ ಮಂಡಿ ತಟ್ಟಿದ. ನಾನೂರ ಹನ್ನೆರಡು. ಗಾಡಿ ಉಳಿಯಿತು. ಆರ್ಡಿಸ್ ಲೊರೆಟ್ಟಾಳ ಮುಖವನ್ನೇ ನೋಡಿದಳು. ಅಲ್ಲಿ ನಿರಾಸೆ ಕಂಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಲೊರೆಟ್ಟಾ ಬರೆದುಕೊಂಡು, "ಮುಂದಿನದು," ಎಂದಳು.

ಎರಡು ಗಂಟೆಯ ಹೊತ್ತಿಗೆ ಕೊನೆಯ ಕಟ್ಟಿನಲ್ಲಿ ಇನ್ನೊಂದೂ ಸಿಕ್ಕಿತು. ಅದರಲ್ಲಿ 'ಬೇಕು' ಸೊನ್ನೆ ತುಂಬಿತ್ತು, ಅದರ ಮೇಲೆ ಅಡ್ಡಡ್ಡ ಎರಡು ಗೀಟು ಎಳೆದಿತ್ತು, ಆಮೇಲೆ 'ಬೇಡ' ಸೊನ್ನೆಯೂ ತುಂಬಿತ್ತು. ಎರಡೂ ಸೊನ್ನೆಗಳ ಅಡಿಯಲ್ಲಿ ಪುಟ್ಟದೊಂದು ಗೆರೆ.

ಆರ್ಡಿಸ್ ಆ ಬ್ಯಾಲೆಟ್ಟಿನ ಮೇಲೆ ಬಾಗಿದಳು. ಮೂವತ್ತೆಂಟು ವರ್ಷ ಅಡುಗೆಮನೆಯ ಮೇಜಿನ ಮೇಲೆ ಬಿತ್ತನೆ ಬೀಜದ ಅರ್ಜಿ, ಬೆಳೆವಿಮೆ ಅರ್ಜಿಗಳಲ್ಲಿ ಅವಳು ಆ ಗೆರೆಯನ್ನು ನೋಡಿದ್ದಳು. ಗುರುತು ಕೆಳಕ್ಕೆ ಜಾರಿ ಬಿದ್ದೀತೆಂಬಂತೆ ಡೆಲ್ಮರ್ ಪ್ರತಿಯೊಂದಕ್ಕೂ ಅಡಿಯಲ್ಲೊಂದು ಗೆರೆ ಎಳೆಯುತ್ತಿದ್ದ. 'ಬೇಕು' ಕೆಳಗೂ ಗೆರೆಯಿತ್ತು. ಅಂದರೆ ಅವನು ತುಂಬಿ, ಗೆರೆ ಎಳೆದು, ಮುಗಿಸಿದ್ದ. ಎದ್ದು ಹೋಗಬಹುದಿತ್ತು, ಆದರೂ ಕೂತು ಹೊಡೆದುಹಾಕಿದ್ದ.

ಮೊದಲು ಅವಳಿಗೆ ತಮ್ಮ ಒಂಬೈನೂರು ಎಕರೆಯ ತೆರಿಗೆ ನೆನಪಾಗಿ ಸಿಟ್ಟು ಬಂತು. ಆಮೇಲೆ ಬೇರೆಯದು ನೆನಪಾಯಿತು. ಕರೆ ಬಂತೆಂದು ಅವಳು ಅರ್ಧ ಊಟಕ್ಕೆ ಎದ್ದ ದಿನಗಳಿಗೆ ಲೆಕ್ಕವಿರಲಿಲ್ಲ. ಕ್ರಿಸ್‌ಮಸ್ ದಿನ ಎದ್ದಿದ್ದಳು, ಮಗಳ ಮದುವೆಯ ಊಟದಲ್ಲೂ ಎದ್ದಿದ್ದಳು. ಪ್ರತಿಸಲ ಅವನು ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡುತ್ತಿದ್ದ. ಬೇಡ ಎಂದು ಒಂದು ದಿನವೂ ಹೇಳಿರಲಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಿದ್ದಳು.

"ಎರಡೂ ತುಂಬಿದೆ," ಎಂದ ಗಾರ್ಡಿ. "ಇದ್ಯಾವ ಸೀಮೆ ಓಟು? ಇದನ್ನ ಎಣಿಸೋ ಹಂಗಿಲ್ಲ."

ಲೊರೆಟ್ಟಾ ನಿಯಮ ವಿವರಿಸಿದಳು. ಒಂದನ್ನು ಹೊಡೆದುಹಾಕಿದ್ದರೆ ಇನ್ನೊಂದನ್ನೇ ಮತದಾರರ ಮನಸ್ಸೆಂದು ತೆಗೆದುಕೊಳ್ಳುವುದು ವಾಡಿಕೆ. ಮರುಎಣಿಕೆ ಕೇಳಿದವರು ಆಕ್ಷೇಪಿಸಿದರೆ ಅದನ್ನು ಎಣಿಸದೆ ಪಕ್ಕಕ್ಕಿಡಬೇಕು. ಪಕ್ಕಕ್ಕಿಟ್ಟರೆ ಗಾಡಿ ಉಳಿಯುತ್ತದೆ, ಎಣಿಸಿದರೆ ಮತ್ತೆ ಸಮ, ಅಂದರೆ ಸೋಲು.

"ಆಕ್ಷೇಪ ಅನ್ನು," ಗಾರ್ಡಿ ಅವಳ ಕಿವಿಯ ಹತ್ತಿರ ಹೇಳಿದ. "ಒಂದೇ ಮಾತು."

ಆರ್ಡಿಸ್ ತಲೆಯೆತ್ತಿದಳು. ಲೊರೆಟ್ಟಾ ಅವಳನ್ನು ನೋಡುತ್ತಿರಲಿಲ್ಲ, ಆ ಪುಟ್ಟ ಗೆರೆಗಳನ್ನು ನೋಡುತ್ತಿದ್ದಳು. ಡೆಲ್ಮರನ ಜಮೀನಿನ ಅರ್ಜಿಗಳು ವರ್ಷವರ್ಷವೂ ಬಂದು ಬೀಳುತ್ತಿದ್ದದ್ದು ಇದೇ ಕಚೇರಿಯಲ್ಲಿ, ಲೊರೆಟ್ಟಾಳ ಮುಂದೆ. ಅವಳಿಗೂ ಗೊತ್ತಾಗಿದೆ ಎಂದು ಆರ್ಡಿಸಳಿಗೆ ಹೊಳೆಯಿತು. ಗೊತ್ತಾಗಿಯೂ ಲೊರೆಟ್ಟಾ ಕಣ್ಣೆತ್ತದೆ, ಬೇರೆ ಯಾರನ್ನಾದರೂ ಕೇಳುವ ದನಿಯಲ್ಲೇ ಕೇಳಿದಳು: "ಆಕ್ಷೇಪ ಏನಾದ್ರೂ ಇದೆಯಾ?"

"ಇಲ್ಲ," ಎಂದಳು ಆರ್ಡಿಸ್. "ಅದು ಬೇಡ ಅಂತಾನೇ. ಬರ್ಕೋ."

ಗಾರ್ಡಿ ಅವಳನ್ನು ಮೊದಲ ಸಲ ಕಂಡವನಂತೆ ನೋಡಿದ. ನಿನ್ನನ್ನೂ ಅವರು ತಮ್ಮ ಕಡೆ ಎಳೆದುಕೊಂಡಿದ್ದಾರೆ ಎಂದು ಗೊಣಗಿ, ಟೋಪಿ ಎತ್ತಿಕೊಂಡು ಹೊರಟುಹೋದ. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳನ್ನು ಬಿಟ್ಟು ಒಬ್ಬನೇ ಬಾಗಿಲು ದಾಟಿದ್ದು ಅದೇ ಮೊದಲು.

ಡೆಲ್ಮರ್ ಪಿಕಪ್ಪಿನ ಹೀಟರ್ ಹಾಕಿಕೊಂಡು ಹೊರಗೆ ಕಾಯುತ್ತಿದ್ದ. ಅವಳು ಹತ್ತಿ ಕೂತಳು. ಪಿಕಪ್ಪು ಊರು ದಾಟಿತು.

"ಕಳೆದುಹೋಗಿದ್ದು ಸಿಕ್ತಾ?" ಎಂದು ಅವನೇ ಕೇಳಿದ.

"ಎರಡೂ ಸಿಕ್ತು. ಮತ್ತೆ ಸಮ."

ಅವನು ಸ್ವಲ್ಪ ದೂರ ಓಡಿಸಿದ. "ಯಾರದು ಅಂತ ಗೊತ್ತಾಯ್ತಾ?"

"ಅದರ ಮೇಲೆ ಹೆಸರು ಇರಲ್ಲ, ಡೆಲ್ಮರ್."

ಕೂಡುರಸ್ತೆಯಲ್ಲಿ ಅವನು ಗಾಡಿಯನ್ನು ಪೂರ್ತಿ ನಿಲ್ಲಿಸಿದ. ಎಡಕ್ಕೆ ತಿರುಗಿ ನೋಡಿ, ಎಂದಿನಂತೆ, "ನಿನ್ನ ಕಡೆ ಏನಾದ್ರೂ ಬರ್ತಿದೆಯಾ?" ಎಂದ. ಆರ್ಡಿಸ್ ಬಲಕ್ಕೆ ನೋಡಿದಳು. ಕೊಯ್ದ ಜೋಳದ ಕೂಳೆಗಳ ನಡುವೆ ಹಿಮ ಕೂತಿತ್ತು. ರಸ್ತೆ ಆಕಾಶ ಮುಟ್ಟುವವರೆಗೂ ಖಾಲಿಯಾಗಿತ್ತು. ಅವಳು ನೋಡುತ್ತಲೇ ಇದ್ದಳು. ಬ್ರೇಕಿನ ಮೇಲಿನ ಕಾಲು ತೆಗೆಯದೆ ಡೆಲ್ಮರ್ ಅವಳ ಮಾತಿಗೆ ಕಾದ.