ಕಣ್ಣು ಮ್ಯಾಲೆ, ಥೋರಾತ ಬಾಯಾರ

ಇಂದುಮತಿ ಥೋರಾತಳಿಗೆ ತನ್ನ ಬೆರಳುಗಳ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಸಾತಾರೆಯ ಬಾಪಟ ಸರ್ ಅವರ ಟೈಪಿಂಗ್ ಕ್ಲಾಸಿನಲ್ಲಿ ಅವಳಷ್ಟು ಜೋರಾಗಿ ಕೀಬೋರ್ಡು ಕುಟ್ಟುವವರು ಇನ್ನೊಬ್ಬರಿರಲಿಲ್ಲ. ಹದಿಹರೆಯದ ಹುಡುಗಿಯರ ಸಾಲಿನಲ್ಲಿ ನಲವತ್ತು ದಾಟಿದವಳು ಇವಳೊಬ್ಬಳೇ. ಆದರೂ ಅವಳು ಒಳಗೆ ಬಂದಳೆಂದರೆ ಆ ಹುಡುಗಿಯರೇ ಕುರ್ಚಿ ಸರಿಸಿ ದಾರಿ ಬಿಡಬೇಕು, ಅಂಥಾ ಗತ್ತು.

ಇಷ್ಟೆಲ್ಲ ಇದ್ದೂ ವೇಗ ಮಾತ್ರ ನಿಮಿಷಕ್ಕೆ ಇಪ್ಪತ್ತೈದು ಪದದ ಹತ್ತಿರ ಬಂದು ಎಮ್ಮೆಯ ಹಾಗೆ ನಿಂತುಬಿಟ್ಟಿತ್ತು. ಬೇಕಾದದ್ದು ಮೂವತ್ತು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವನ ಕಚೇರಿಯಲ್ಲೇ ಅವಳಿಗೆ ಗುಮಾಸ್ತಳ ಕೆಲಸ ಸಿಕ್ಕಿತ್ತು. ಗಡುವಿನೊಳಗೆ ಮರಾಠಿ ಟೈಪಿಂಗ್ ಪರೀಕ್ಷೆ ಪಾಸಾಗದಿದ್ದರೆ ಕೆಲಸ ಹೋಗುತ್ತದೆ ಎಂದು ನೇಮಕದ ಆದೇಶದಲ್ಲೇ ಬರೆದಿದ್ದರು. ಎರಡು ಸಲ ಕೂತು ಎರಡು ಸಲವೂ ನಪಾಸಾಗಿದ್ದಳು. ದಸರೆಯ ಮರುದಿನ ಕೊನೆಯ ಅವಕಾಶ. ಮನೆಯಲ್ಲಿ ಅವಳು ಮತ್ತು ಅತ್ತೆ ತಾನೂಬಾಯಿ, ಇಬ್ಬರ ಹೊಟ್ಟೆಯೂ ಆ ಸಂಬಳದ ಮೇಲೇ ನಡೆಯುತ್ತಿತ್ತು.

“ಕಣ್ಣು ಮ್ಯಾಲೆ, ಥೋರಾತ ಬಾಯಾರ!” ಎಂದು ಬಾಪಟ ಸರ್ ದಿನಾ ಗಂಟಲು ಹರಿದುಕೊಳ್ಳುತ್ತಿದ್ದರು. “ಬೆರಳು ಓಡತಾವ, ಕಣ್ಣು ಕುಂಟತಾವ. ಒಂದ್ಸಲ ಕೀಲಿ ನೋಡಿದ್ರಿ ಅಂದ್ರ ತಿರುಗಿ ಹಾಳ್ಯಾಗ ಸಾಲು ಹುಡುಕಬೇಕು. ಅಲ್ಲೇ ಹೋತು ನಿಮ್ಮ ವೇಗ.”

“ಸರ್, ಜ್ವಾಳದ ಭಾಕರಿ ಬಡಿಯೋವಾಗ ಯಾವ ಹೆಂಗಸು ಛಾವಣಿ ನೋಡ್ಕೋತ ಬಡೀತಾಳ್ರಿ?”

ಹುಡುಗಿಯರು ಕಿಸಕ್ಕನೆ ನಕ್ಕರು. ಸರ್ ಅವಳ ಕೈಗಳ ಮೇಲೆ ಟವೆಲ್ ಹೊದಿಸಿದರು. ಅವಳು ಟವೆಲಿನ ಸಂದಿಯಿಂದಲೇ ಇಣುಕಿದಳು. ನಿಮ್ಮ ಹಟಕ್ಕೊಂದು ನಮಸ್ಕಾರ ಎಂದು ಸರ್ ಕೈಮುಗಿದು ಹೋದರು. ಕೈ ಇನ್ನಷ್ಟು ಜೋರಾದರೆ ಸಾಕು, ಮೂವತ್ತು ತಾನಾಗಿ ಬರುತ್ತದೆ ಎಂಬುದು ಅವಳ ಲೆಕ್ಕ.

ಅದಕ್ಕೆಂದೇ ಒಂದು ಹಳೇ ಕಂಪ್ಯೂಟರ್ ಕೊಂಡು ಮನೆಯಲ್ಲೂ ಇಟ್ಟುಕೊಂಡಿದ್ದಳು. ಕೀಲಿಗಳ ಮೇಲಿದ್ದದ್ದು ಇಂಗ್ಲಿಷ್ ಅಕ್ಷರ. ಅವುಗಳ ಮೇಲೆ ಮರಾಠಿ ಅಕ್ಷರ ಅಚ್ಚಾದ ಕಾಗದದ ಚೀಟಿಗಳನ್ನು ಅಂಗಡಿಯಿಂದ ತಂದು ಒಂದೊಂದಾಗಿ ತಾನೇ ಅಂಟಿಸಿದ್ದಳು.

ಖಂಡೇನವಮಿಯ ದಿನ ಕ್ಲಾಸಿನ ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ ಬಿತ್ತು, ಬಾಗಿಲಿಗೆ ಬೀಗ ಬಿತ್ತು. ಪೂಜೆಗೆ ಕೂತ ಸಾಮಾನನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಮನೆಯಲ್ಲಾದರೂ ಕೂರೋಣ ಎಂದು ಬಂದರೆ, ತಾನೂಬಾಯಿ ಕುಡಗೋಲು, ಈಳಿಗೆಮಣೆಗಳ ಪಕ್ಕದಲ್ಲೇ ಕೀಬೋರ್ಡನ್ನೂ ಮಣೆಯ ಮೇಲೆ ಕೂರಿಸಿದ್ದಳು. ಒಂದೊಂದು ಕೀಲಿಗೂ ಕಲಸಿದ ಅರಿಶಿನ, ಅದರ ಮೇಲೆ ಹಸಿ ಕುಂಕುಮ.

“ಅತ್ತೀ! ಏನ ಮಾಡಿಟ್ಟೀರಿ ಇದು?”

“ಪೂಜಿ. ನಮ್ಮನಿಗೆ ಅನ್ನ ಹಾಕೂದು ಈಗ ಇದೇ ಅಲ್ಲೇನ?”

“ಒಂದು ಬೊಟ್ಟು ಸಾಕಾಗಿತ್ತಲ್ರೀ!”

“ಕುಡಗೋಲಿಗೆ ಒಂದು ಸಾಕು. ಇದಕ್ಕ ಇಷ್ಟು ಹಲ್ಲು ಅದಾವ. ಒಂದಕ್ಕ ಇಟ್ಟು ಒಂದಕ್ಕ ಬಿಟ್ರ, ಬಿಟ್ಟದ್ದು ಮುನಿಸ್ಕೊಳ್ಳೂದಿಲ್ಲೇನ?”

ಇಂದುಮತಿ ಹಲ್ಲು ಕಚ್ಚಿಕೊಂಡಳು. ಪೂಜೆಗೆ ಎದುರು ಹೋಗುವ ಧೈರ್ಯ ಅವಳಿಗೂ ಇರಲಿಲ್ಲ. ದಸರೆಯ ಬೆಳಿಗ್ಗೆ ಪೂಜೆ ಕದಲಿಸಿದ ಕೂಡಲೇ ಒದ್ದೆ ಬಟ್ಟೆ ತಂದು ಒಣಗಿದ ಕುಂಕುಮ ಉಜ್ಜಿದಳು. ಕುಂಕುಮ ಬಂತು. ಅದರ ಜೊತೆಗೆ ನೆನೆದ ಚೀಟಿಗಳೂ ಸಿಪ್ಪೆಯ ಹಾಗೆ ಸುಲಿದು ಬಂದವು. ಕ ಹೋಯಿತು, ರ ಹೋಯಿತು, ಕಾನಾ-ಮಾತ್ರೆಯಂಥ ಸ್ವರಚಿಹ್ನೆಗಳೆಲ್ಲ ಬಟ್ಟೆಗೆ ಮೆತ್ತಿಕೊಂಡವು. ಕೆಳಗೆ ಉಳಿದ ಇಂಗ್ಲಿಷ್ ಅಕ್ಷರಕ್ಕೂ ಅವಳು ಹೊಡೆಯಬೇಕಾದ ಮರಾಠಿಗೂ ಯಾವ ನಂಟೂ ಇಲ್ಲ. ದಸರೆಯ ದಿನ ಹೊಸ ಚೀಟಿ ಮಾರುವ ಅಂಗಡಿ ಯಾವುದು ತೆರೆದಿರುತ್ತದೆ, ಹೇಳಿ!

ಅವಳ ಪಿತ್ತ ನೆತ್ತಿಗೇರಿತು. “ಆತಲ್ಲ ಅತ್ತೀ, ಸಮಾಧಾನ ಆತಲ್ಲ! ನಿಮ್ಮ ಮಗನ ನೌಕರಿ ಒಂದು ಉಳಿದಿತ್ತು. ಅದನ್ನೂ ನಿಮ್ಮ ಕೈಯಾರ ತೊಳದು ಬಚ್ಚಲಕ್ಕ ಹಾಕಿದ್ರಿ!”

ತಾನೂಬಾಯಿಯ ಮುಖ ಕಪ್ಪಿಟ್ಟಿತು. ಹೊಸ್ತಿಲ ಮೇಲೆ ಹೋಗಿ ಕೂತಳು. ಮಗನ ಹೆಸರು ಎತ್ತಬಾರದಿತ್ತು ಎಂದು ಇಂದುಮತಿಗೂ ಅನ್ನಿಸಿತು, ಆದರೆ ಆಡಿ ಆಗಿತ್ತು. ಮುದುಕಿ ಕೂತಲ್ಲಿಂದಲೇ ಕೀಬೋರ್ಡಿನತ್ತ ಕೈ ತೋರಿಸಿದಳು.

“ಅದರ ಮ್ಯಾಲೆ ಏನಿತ್ತು?”

“ಅಕ್ಷರ.”

“ದಿನಾ ನೋಡತಿದ್ದಿ?”

“ದಿನಾ.”

“ದಿನಾ ನೋಡಿ ನೋಡಿ ಇನ್ನೂ ಬರಲಿಲ್ಲೇನ ನಿನಗ? ಓಣಿ ತುಂಬ ಹೇಳ್ಕೋತ ತಿರಗತೀನಿ, ನನ್ನ ಸೊಸಿ ಭಾಳ ಶಾಣ್ಯಾಕಿ ಅಂತ!”

ಈ ಮಾತು ಮಾತ್ರ ನಟ್ಟಿತು. ಯಾರು ಏನಂದರೂ ತಡೆದಾಳು, ತನಗೆ ಬರುವುದಿಲ್ಲ ಅಂದರೆ ಇಂದುಮತಿ ತಡೆದವಳಲ್ಲ. “ಬರೂದಿಲ್ಲ ಅಂದ್ರೇನ? ಕೂಡ್ರಿ ಇಲ್ಲೇ. ನೋಡ್ರಿ!” ಎಂದವಳೇ ಕೀಬೋರ್ಡಿನ ತಂತಿ ಸಿಕ್ಕಿಸಿ, ಪಾಠದ ಹಾಳೆಯನ್ನು ಎದುರಿಗೆ ನಿಲ್ಲಿಸಿ ಶುರು ಮಾಡಿಯೇಬಿಟ್ಟಳು.

ಮೊದಲ ಸಾಲು ಹಾಳಾಯಿತು, ಎರಡನೆಯದೂ. ಕಣ್ಣು ರೂಢಿಯಂತೆ ಕೆಳಗೆ ಓಡಿತು. ಅಲ್ಲಿ ಏನಿದೆ ಮಣ್ಣು? ಕುಂಕುಮದ ಕಲೆ, ಕೆಲಸಕ್ಕೆ ಬಾರದ ಇಂಗ್ಲಿಷ್ ಬಿಟ್ಟರೆ ಏನೂ ಇಲ್ಲ. ಪೆಚ್ಚಾಗಿ ತಿರುಗಿ ಮೇಲೆ ಬಂತು. ಎದುರಿಗೆ ಬನ್ನಿ ಎಲೆ ಬಿಡಿಸುತ್ತ ಕೂತ ತಾನೂಬಾಯಿಗೆ ಓದು ಬರುವುದಿಲ್ಲ, ಆದರೆ ಸೊಸೆಯ ಗದ್ದ ಚೆನ್ನಾಗಿಯೇ ಕಾಣುತ್ತಿತ್ತು. ಅದು ಬಗ್ಗಿದಾಗಲೆಲ್ಲ “ಹಾಂ, ಬಗ್ಗಿತು ನೋಡು ಕತ್ತು! ಏನ ಬಿದ್ದೈತಿ ಅಲ್ಲಿ?” ಎಂದು ಚುಚ್ಚುತ್ತಿದ್ದಳು.

ಸಿಟ್ಟಿನಿಂದಲೇ ಇಂದುಮತಿ ಹೊಡೆದಳು. ಹಾಳೆ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಕಿರುಬೆರಳು ಕೇಳದೇನೇ ತನ್ನ ಕೀಲಿಗೆ ಹೋಗಿ ಬರುತ್ತಿದೆ! ಕೈಗೆ ಎಂದೋ ಎಲ್ಲ ಗೊತ್ತಿತ್ತು, ಈ ಹಾಳು ಕಣ್ಣೇ ನಡುವೆ ಬಂದು ಅಡ್ಡಗಾಲು ಹಾಕುತ್ತಿತ್ತು. ಅವಳು ಜೋರಾಗಿ ಕುಟ್ಟುವುದನ್ನೂ ಬಿಟ್ಟಳು. ಹಗುರವಾಗಿ ಮುಟ್ಟಿದರೆ ಸಾಕಾಗುತ್ತಿತ್ತು, ಸಾಲುಗಳು ತಡವರಿಸದೆ ಸಾಗುತ್ತಿದ್ದವು. ಶ್ರೀಖಂಡ-ಪೂರಿ ಮಧ್ಯಾಹ್ನ ಇಳಿಯುವ ತನಕ ಹಾಗೇ ಕಾದಿತ್ತು. ಊಟಕ್ಕೆ ಏಳುವಾಗ ಇಂದುಮತಿ ಗಡಿಯಾರ ನೋಡಿ ಲೆಕ್ಕ ಹಾಕಿದಳು. ಇಪ್ಪತ್ತೊಂಬತ್ತು.

“ನಾಳಿ ಪಾಸ್ ಅತ್ತೀ. ಬರದಿಟ್ಕೋರಿ.”

“ನನಗೆಲ್ಲಿ ಬರೀಲಿಕ್ಕೆ ಬರತೈತಿ? ಉಣ್ಣು ಮೊದಲ.”

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಕೀಬೋರ್ಡುಗಳೆಲ್ಲ ಹೊಚ್ಚ ಹೊಸವು. ಕೀಲಿಗಳ ಮೇಲೆ ಮರಾಠಿ ಅಕ್ಷರಗಳು ಬೆಳ್ಳಗೆ ಹೊಳೆಯುತ್ತ ಕರೆಯುತ್ತಿದ್ದವು. ಮೊದಲ ಎರಡು ಪ್ಯಾರಾ ನೀರು ಕುಡಿದಷ್ಟು ಸಲೀಸಾಗಿ ಹೋದವು. ಮೂರನೆಯದರಲ್ಲಿ ಒಂದು ಉದ್ದನೆಯ ಕಾನೂನಿನ ಪದ ಬಂತು, ಕಣ್ಣು ಜಾರಿ ಕೆಳಗೆ ಬಿತ್ತು, ಕೈ ಗಕ್ಕನೆ ನಿಂತಿತು. ಹಾಳೆಯಲ್ಲಿ ಸಾಲು ತಪ್ಪಿತು. ‘ಥೂ ನಿನ್ನ! ನಿನ್ನೆ ಏನೂ ಇಲ್ಲದಾಗ ಹೊಡದಿ, ಇವತ್ತ ಎಲ್ಲಾ ಐತಿ ಅಂತ ಹೊಡೀಲಿಕ್ಕೆ ಆಗವಲ್ದೇನ?’ ಎಂದು ತನ್ನನ್ನೇ ಬೈದುಕೊಂಡು ಗದ್ದ ಎತ್ತಿದಳು. ಸಾಲು ಸಿಕ್ಕಿತು. ಆಮೇಲೆ ಗಂಟೆ ಬಾರಿಸುವ ತನಕ ಅವಳ ಗದ್ದ ಇಳಿಯಲಿಲ್ಲ.

ಪರೀಕ್ಷಕರು ಒಬ್ಬೊಬ್ಬರ ಪರದೆಯನ್ನೂ ನೋಡುತ್ತ ಬಂದರು. ಇವಳ ಹತ್ತಿರ ನಿಂತು, ತಪ್ಪುಗಳನ್ನು ಕಳೆದು, “ಮೂವತ್ತೊಂದು. ಪಾಸ್” ಎಂದು ಮುಂದೆ ಹೋದರು. ಅಷ್ಟೇ. ಇಂದುಮತಿಗೆ ಕೂಗಬೇಕೆನ್ನಿಸಿತು. ಕೂಗಲಿಲ್ಲ, ಕಣ್ಣು ಒರೆಸಿಕೊಂಡು ಹೊರಗೆ ಬಂದಳು.

ಗೇಟಿನಾಚೆ ತಾನೂಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿಸಿಲಲ್ಲೇ ನಿಂತಿದ್ದಳು. ಸೊಸೆಯ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. ಎರಡೂ ಕೈಯಿಂದ ಅವಳ ಕೆನ್ನೆ ಸವರಿ ನೆಟಿಕೆ ಮುರಿದು, “ಉಳಸಿದಿ ಯವ್ವಾ, ನನ್ನ ಮಗನ ನೌಕರಿ ಉಳಸಿದಿ” ಎಂದಳು.

ಇಂದುಮತಿ ಆ ಕೈಗಳನ್ನು ಹಿಡಿದುಕೊಂಡಳು. ಇಷ್ಟು ದಿನ ಕಚೇರಿಯವರು, ನೆಂಟರು, ಕಡೆಗೆ ತಾನೂ ಆಡಿದ ಮಾತು ಅದು. ಇವತ್ತು ಕಿವಿಗೆ ಸೇರಲಿಲ್ಲ.

“ಇಲ್ಲ ಅತ್ತೀ. ಅವರ ನೌಕರಿ ಅವರ ಜೋಡೀನ ಹೋತು. ಇದು ನಂದು.”

ತಾನೂಬಾಯಿ ಅವಳನ್ನೇ ದಿಟ್ಟಿಸಿದಳು. ಮಗ ಹೋದದ್ದನ್ನು ಅವಳು ಅಲ್ಲಿಯ ತನಕ ಪೂರ್ತಿ ಒಪ್ಪಿಕೊಂಡೇ ಇರಲಿಲ್ಲವೇನೋ. ನಡುರಸ್ತೆಯಲ್ಲೇ ಒಮ್ಮೆ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಹೌದು, ನಿಂದ” ಎಂದಳು.