ಬದುವಿನಿಂದ ಮೂರು ಹೆಜ್ಜೆ

ಅಕ್ಕ ಐಶ್ವರ್ಯಳ ಮದುವೆ ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಗೆ ಗೊತ್ತಾದಾಗಿನಿಂದ ನಾನು ಮೂತಿ ಊದಿಸಿಕೊಂಡಿದ್ದೆ. ಮದುಮಗಳ ಜೊತೆ ತಂಗಿಯೂ ಗಂಡನ ಮನೆಗೆ ಹೋಗಿ ಒಂದಷ್ಟು ದಿನ ಇದ್ದು ಬರುವುದು ನಮ್ಮಲ್ಲಿ ಪದ್ಧತಿ. ನಾನಂತೂ ಹೋಗುವುದಿಲ್ಲ ಎಂದು ಅವ್ವನಿಗೆ ಕಡ್ಡಿ ಮುರಿದಂತೆ ಹೇಳಿದ್ದೆ. ಬಿಟ್ಟು ಹೋಗುವವಳನ್ನು ನಾನೇ ಯಾಕೆ ಕಳಿಸಿಬರಬೇಕು?

ಅಂದು ಸಂಜೆ ಇಬ್ಬರೂ ಕೊಂಡ್ಲಹಳ್ಳಿಯ ನಮ್ಮ ಸಜ್ಜೆ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದೆವು. ಬಿಸಿಲು ಬೆಲ್ಲದ ಪಾಕದ ಹಾಗೆ ತೆನೆಗಳ ಮೇಲಿಂದ ನಿಧಾನವಾಗಿ ಇಳಿಯುತ್ತಿತ್ತು. ನನ್ನ ತೊಡೆಯ ಮೇಲೆ ಪಿಯುಸಿ ಗಣಿತದ ಪುಸ್ತಕ. x² ಎಂಬ ಬಾಗು ಸೊನ್ನೆಯ ಮೇಲೆ ಬಟ್ಟಲಿನಂತೆ ಕೂತಿದೆ. (x−3)² ಎಂದು ಬರೆದರೆ ಬಲಕ್ಕೆ ಮೂರು ಮನೆ ಜರುಗುತ್ತದಂತೆ. ಕಳೆದರೆ ಹಿಂದಕ್ಕಲ್ಲವೇ ಬರಬೇಕು ಎಂದು ಪುಸ್ತಕದ ಮೇಲೆ ರೇಗಿದೆ.

ಅಕ್ಕ ನಕ್ಕು ಕವಣೆ ಕೊಟ್ಟಳು. ಬದುವಿನ ಮೇಲೆ ನಿಂತು ಬೀಸಿದೆ. ಕಲ್ಲು ಏರಿ, ಹೊಂಬಣ್ಣದ ಆಕಾಶದಲ್ಲಿ ಒಂದು ಗಳಿಗೆ ತೇಲಿ, ಇಳಿಯಿತು. ಪುಸ್ತಕದ ಬಟ್ಟಲನ್ನೇ ಬೋರಲು ಹಾಕಿದ ಹಾಗಿತ್ತು ಅದರ ದಾರಿ. ಅಕ್ಕ ನನ್ನನ್ನು ಮೂರು ಹೆಜ್ಜೆ ಮುಂದೆ ನಿಲ್ಲಿಸಿ ಮತ್ತೆ ಬೀಸಲು ಹೇಳಿದಳು. ಅದೇ ಬಾಗು, ಮೂರು ಹೆಜ್ಜೆ ಆಚೆ.

"ಕಲ್ಲಿಗೆ ಬದು ಗೊತ್ತಿಲ್ಲ, ನೀನು ನಿಂತಿರೋ ಜಾಗ ಅಷ್ಟೇ ಗೊತ್ತು. ಬದುವಿನಿಂದ ಅಳೆಯೋರು ಆ ಮೂರು ಹೆಜ್ಜೆ ಕಳೀಬೇಕು. ಆಗ್ಲೇ ಲೆಕ್ಕ ಸರಿಹೋಗೋದು."

ಆಮೇಲೆ ತಾನೇ ಬೀಸಿದಳು. ಕಲ್ಲು ನೆಟ್ಟಗೆ ಮೇಲೇರಿ ಹತ್ತಿರದಲ್ಲೇ ಬಿತ್ತು. ವರ್ಗದ ಮುಂದಿರುವ ಸಂಖ್ಯೆ ದೊಡ್ಡದಾದರೆ ಬಾಗು ಹೀಗೆ ಕಿರಿದಾಗುತ್ತದೆ, ಚಿಕ್ಕದಾದರೆ ಅಗಲವಾಗುತ್ತದೆ, ಅದು ಬೀಸುವ ಕೈಯ ಗುಣ, ನಿಂತ ಜಾಗದ್ದಲ್ಲ ಎಂದಳು. ಕನಸಿನಲ್ಲಿ ನಡೆಯುವಾಗಿನ ಹಾಗೆ ನನಗೆ ಮೈಯೆಲ್ಲ ಹಗುರವಾಯಿತು. ಹಾಗಾದರೆ ಚಳ್ಳಕೆರೆಗೆ ಹೋದರೂ ನೀನು ಇದೇ ಅಕ್ಕ, ಸ್ವಲ್ಪ ಜರುಗಿರುತ್ತೀಯ ಅಷ್ಟೇ ಎಂದೆ.

ಅವಳು ಕವಣೆಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಳು. ಕಣ್ಣು ತುಂಬಿದ್ದವು.

"ಅವರು ಅವರ ಬದುವಿನಿಂದ್ಲೇ ನನ್ನ ಅಳೀತಾರೆ ಗಂಗೂ. ಅಲ್ಲಿ ನನ್ನ ಮೂರು ಹೆಜ್ಜೆ ಕಳೆಯೋರು ಯಾರವರೆ?"

ಇಷ್ಟು ದಿನ ಹೆದರಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಗಿಳಿಗಳು ಸಜ್ಜೆಗೆ ಇಳಿದವು, ಇಬ್ಬರೂ ಓಡಿಸಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ನಿನ್ನ ಜೊತೆ ನಾನು ಬರ್ತೀನಿ ಅಕ್ಕ. ಅವರಿಗೆ ಕಳೆಯೋದು ಕಲಿಸೇ ವಾಪಸ್ ಬರೋದು."