ಅಂಚಿಲ್ಲದ ಕನ್ನಡಕ

ಕಳ್ಳ ಕದ್ದುಕೊಂಡು ಹೋದ ಹಣವನ್ನು ನಾವು ದಿನಾ ನೋಡುತ್ತಿದ್ದೆವು. ಹೀಗೆಂದರೆ ಜನ ನಮಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆದರೆ ಕ್ರಿಪ್ಟೊ ಎಂಬ ಆ ಮಾಯದ ನಾಣ್ಯದ ವ್ಯವಹಾರವೇ ಹಾಗೆ. ಯಾವ ಜೇಬಿನಲ್ಲಿ ಎಷ್ಟಿದೆ ಎಂಬುದು ಲೋಕಕ್ಕೆಲ್ಲ ಕಾಣುತ್ತದೆ, ಜೇಬು ಯಾರದು ಎಂಬುದು ಮಾತ್ರ ಕಾಣುವುದಿಲ್ಲ. ಭಾವನ ಖಾತೆಯಿಂದ ಹೊರಟ ನಾಣ್ಯಗಳು ಇನ್ನೊಂದು ಖಾತೆಗೆ ಹೋಗಿ ಕೂತಿದ್ದವು. ಆ ಖಾತೆಗೆ ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಅಕ್ಷರ, ಅಂಕಿಗಳ ಉದ್ದನೆಯ ಒಂದು ಸಾಲಿತ್ತು, ಅಷ್ಟೆ. ಅಕ್ಕ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಫೋನಿನಲ್ಲಿ ಅದನ್ನು ತೆರೆದು, ಹಣ ಇನ್ನೂ ಇದೆಯೇ ಎಂದು ನೋಡುತ್ತಿದ್ದಳು. ಇರುತ್ತಿತ್ತು. ಅಂಗಡಿಯ ಗಾಜಿನ ಆಚೆಗಿರುವ ಆಟಿಕೆಯನ್ನು ನೋಡುತ್ತ ನಿಂತ ಮಕ್ಕಳ ಪಾಡು ನಮ್ಮದಾಗಿತ್ತು.

ನಮ್ಮದು ಕನ್ನಡಕದ ಅಂಗಡಿ. ಮುಂದೆ ಕೌಂಟರಿನಲ್ಲಿ ಅಕ್ಕ, ಪಕ್ಕದ ಕತ್ತಲೆಯ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವ ಭಾವ, ಹಿಂದಿನ ಬೆಂಚಿನಲ್ಲಿ ಗ್ಲಾಸಿನ ಅಂಚು ಅರೆದು ಫ್ರೇಮಿಗೆ ಕೂರಿಸುವ ನಾನು. ಮದುವೆಯ ಗೊಡವೆಗೆ ಹೋಗದ ನಾದಿನಿಯನ್ನು ಮನೆಯಲ್ಲಿಟ್ಟುಕೊಂಡು, ಕೆಲಸ ಕಲಿಸಿ, ಸಂಬಳವನ್ನೂ ಕೊಟ್ಟ ಮನುಷ್ಯ ಭಾವ. ಅವನ ಬಗ್ಗೆ ನಾನು ನ್ಯಾಯವಾಗಿ ಮಾತಾಡುತ್ತೇನೆಂದು ಯಾರೂ ನಿರೀಕ್ಷಿಸಬೇಕಾಗಿಲ್ಲ. ನಾನು ಅವನ ಕಡೆಯವಳು.

ಆ ನಾಣ್ಯಗಳನ್ನು ಅವನು ಬಹಳ ಹಿಂದೆ, ಕೇಳುವವರೇ ಇಲ್ಲದ ಕಾಲದಲ್ಲಿ ಕೊಂಡಿದ್ದ. ಬೇರೆ ಗಂಡಸರು ಸಿಗರೇಟಿಗೆ ಸುರಿಯುವುದನ್ನು ಇವರು ಗಾಳಿಗೆ ಸುರಿಯುತ್ತಾರೆ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು. ಗಾಳಿಗೆ ಬೆಲೆ ಬಂತು. ಮಾಲೀಕ ಅಂಗಡಿಯ ಕಟ್ಟಡವನ್ನು ಮಾರುತ್ತೇನೆ, ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ ಎಂದಾಗ ಭಾವ ನಾಚಿಕೊಂಡೇ ಹೇಳಿದ, ನಮ್ಮ ಹತ್ತಿರ ಅಷ್ಟಿದೆ ಎಂದು. ಗೇಲಿ ಮಾಡಿದ ಅಕ್ಕ ಅವತ್ತು ಸಂಜೆಯಿಡೀ ಅಂಗಡಿಯ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಮಾರಾಟದ ಪತ್ರಕ್ಕೆ ಸಹಿ ಹಾಕುವ ಹಿಂದಿನ ವಾರ ಖಾತೆ ಖಾಲಿಯಾಗಿತ್ತು.

ಆ ಖಾತೆಗೆ ಬೀಗದ ಕೈ ಎಂದರೆ ಹನ್ನೆರಡು ಪದಗಳು. ಅವು ಯಾರಿಗೆ ಸಿಕ್ಕಿದರೂ ಹಣ ಅವರದೇ. ಕಳೆದುಹೋದರೆ ಯಾರದೂ ಅಲ್ಲ. ಜನ ಅದನ್ನು ಲಾಕರಿನಲ್ಲಿ ಇಡುತ್ತಾರಂತೆ, ಗೋಡೆಯೊಳಗೆ ಹುದುಗಿಸುತ್ತಾರಂತೆ. ಭಾವ ಕನ್ನಡಕದವನಲ್ಲವೇ, ಕನ್ನಡಕದವನ ಬುದ್ಧಿಯನ್ನೇ ಓಡಿಸಿದ. ಗಿರಾಕಿಗಳ ಕನ್ನಡಕದ ಕಡ್ಡಿಯ ಒಳಮೈಯಲ್ಲಿ ಹೆಸರು ಕೊರೆದುಕೊಡುವ ಸಣ್ಣ ಯಂತ್ರವೊಂದು ನಮ್ಮಲ್ಲಿತ್ತು. ಅದರಲ್ಲಿ ತನ್ನ ಕನ್ನಡಕದ ಎರಡು ಕಡ್ಡಿಗಳ ಒಳಗೆ ಆರಾರು ಪದ ಕೊರೆದ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ. ಭೂತಗನ್ನಡಿ ಹಿಡಿಯದೆ ಅದು ಅಕ್ಷರವೆಂದೇ ತಿಳಿಯುತ್ತಿರಲಿಲ್ಲ. ಏಳುವಾಗ ಹಾಕಿಕೊಂಡರೆ ಮಲಗುವಾಗ ತೆಗೆಯುವ ವಸ್ತು, ಅದೂ ಇಲ್ಲದಿದ್ದರೆ ಎದುರಿನ ಗೋಡೆ ಕಾಣದಂಥ ಕಣ್ಣು. ಇದಕ್ಕಿಂತ ಭದ್ರವಾದ ಜಾಗ ಯಾವುದಿದೆ?

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಕೂಡ ಆ ಜಾಗದ ಬಗ್ಗೆಯೇ ಕೇಳಿದ್ದು. ನಾವು ಮೂವರೂ ಹೋಗಿ ಕೂತ, ಪ್ಲಾಸ್ಟಿಕ್ ಕುರ್ಚಿಗಳ ಆ ಕೋಣೆಯಲ್ಲಿ ಮೊದಮೊದಲು ಅವರು ಚೆನ್ನಾಗಿಯೇ ಮಾತಾಡಿದರು. ಪರದೆಯ ಮೇಲೆ ಎರಡು ಚೌಕ, ನಡುವೆ ಒಂದು ಬಾಣ ಬರೆದು ತೋರಿಸಿದರು. ಇದು ನಿಮ್ಮದು, ಇದು ಕಳ್ಳನದು. ಮುಂದೆ? ಮುಂದೆ ಏನೂ ಇಲ್ಲ. ಅವನು ಅದನ್ನು ಎಲ್ಲಾದರೂ ನೋಟಾಗಿ ಬದಲಾಯಿಸಲು ಹೋದರೆ ಅಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಆಗ ಹಿಡಿಯಬಹುದು; ಕೇಳದ ಕಡೆ ಹೋದರೆ ಅದೂ ಇಲ್ಲ. ಸುಮ್ಮನೆ ಕೂತಿರುವ ಹಣದಿಂದ ಕಳ್ಳನ ಜಾಡು ಹಿಡಿಯುವ ವಿದ್ಯೆ ಯಾರ ಹತ್ತಿರವೂ ಇಲ್ಲವಂತೆ. ಈ ನಡುವೆ, ಮುಂಗಡ ಕೊಟ್ಟರೆ ಹಣ ವಾಪಸ್ ತರಿಸುತ್ತೇವೆ ಎಂದು ಸಿಹಿ ಗಂಟಲಿನ ಮೂವರು ಫೋನ್ ಮಾಡಿದರು. ಕದ್ದವನಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಉರಿದುಹೋಯಿತು.

ಪದಗಳನ್ನು ಎಲ್ಲಿಟ್ಟಿದ್ದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವರು ನಗು ತಡೆದುಕೊಂಡರು. ಇದು ನಿಮ್ಮಿಂದ ಯಾವತ್ತಾದರೂ ದೂರವಾಗಿತ್ತೇ ಎಂದರು. ಒಂದು ದಿನವೂ ಇಲ್ಲ ಎಂದ ಭಾವ. ಬೇರೆ ಯಾರಿಗಾದರೂ ಗೊತ್ತಿತ್ತೇ? ಹೆಂಡತಿಗೂ ಗೊತ್ತಿರಲಿಲ್ಲ. ಚೆನ್ನಾಗಿ ಯೋಚಿಸಿ ಹೇಳಿ ಎಂದು ಅವರು ಮತ್ತೊಮ್ಮೆ ಕೇಳಿದರು. ಭಾವ ಎದೆ ಮುಟ್ಟಿಕೊಂಡು, ಅದು ನನ್ನ ಮುಖ ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂದು ಆಣೆ ಮಾಡಿದ. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಅಕ್ಕನ ಕಡೆ ತಿರುಗಿ, ಭಾವನ ಎದುರಿಗೇ ಹೇಳಿದರು:

"ನೋಡಿಮ್ಮ, ಇವರು ಹೇಳ್ತಿರೋದು ನಿಜ ಆದ್ರೆ, ತೆಗೆಯೋಕೆ ಸಾಧ್ಯ ಇದ್ದಿದ್ದು ಒಬ್ಬರಿಗೇ. ಮನೇಲಿ ಕೂತು ಮಾತಾಡ್ಕೊಳ್ಳಿ."

ಕಳ್ಳನನ್ನು ಹಿಡಿಯಲಾಗದವರು ದೂರು ಕೊಟ್ಟವನನ್ನೇ ಹಿಡಿದುಕೊಟ್ಟರು. ದಾರಿಯುದ್ದಕ್ಕೂ ಅಕ್ಕ ಭಾವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಕಟ್ಟಡವನ್ನು ಪಕ್ಕದ ಚಪ್ಪಲಿ ಅಂಗಡಿಯವನು ಕೊಂಡ. ಮಾರನೆಯ ತಿಂಗಳೇ ಬಾಡಿಗೆ ಏರಿಸಿದ. ಬಾಡಿಗೆ ಏರಿದ ರಾತ್ರಿ ಊಟದ ತಟ್ಟೆಯ ಮುಂದೆ ಅಕ್ಕನ ಬಾಯಿ ಬಿಚ್ಚಿತು. ಗೋಡೆಯಾಚೆಯ ನನಗೆ ಕೇಳಿಸಲೆಂದೇ ಆಡಿದಳೋ ಏನೋ. ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಖರ್ಚು ಮಾಡಿ ಮಜಾ ಉಡಾಯಿಸುತ್ತಿದ್ದ, ಹೀಗೆ ಮುಟ್ಟದೆ ಕಾಯುವುದು ಮನೆಯ ಮನುಷ್ಯನ ಬುದ್ಧಿ ಎಂದಳು. ಯಾರಿಗೋಸ್ಕರ ಎತ್ತಿಟ್ಟಿದ್ದೀರಿ ಎಂದಳು. ಭಾವನ ಧ್ವನಿ ಏರಲೇ ಇಲ್ಲ.

"ಅದು ಕದಲೋ ದಿನ ನಾನು ನಿನ್ನ ಕಣ್ಣೆದುರಿಗೇ ಕೂತಿರ್ತೀನಿ," ಎಂದ. "ಖಾಲಿ ಕೈಯಲ್ಲಿ. ಆಗಲಾದ್ರೂ ನಂಬು."

ಅಂದಿನಿಂದ ಅವನು ಫೋನನ್ನು ಅಕ್ಕನ ಕೌಂಟರಿನಲ್ಲೇ ಬಿಟ್ಟ. ಪರೀಕ್ಷೆಯ ಕೋಣೆಯ ಬಾಗಿಲನ್ನು ತೆರೆದಿಟ್ಟು, ಗಿರಾಕಿ ಇಲ್ಲದಾಗ ಅಲ್ಲಿನ ಎತ್ತರದ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದ. ಜೈಲಿನವರೂ ಇಷ್ಟು ವಿಧೇಯರಾಗಿ ಕೂರುವುದಿಲ್ಲ. ನಾನು ಅಕ್ಕನೊಂದಿಗೆ ಜಗಳ ಆಡಿದೆ, ಅವಳು ನನ್ನನ್ನೂ ಅವನ ಜೊತೆಗೆ ಸೇರಿಸಿ ಬೈದಳು. ಅವಳ ಸಂಕಟವೂ ಸುಳ್ಳಲ್ಲ. ಹಣ ಹೋದದ್ದಕ್ಕಿಂತ, ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನು ಯಾರೆಂದು ತಿಳಿಯದೆ ಹೋದದ್ದು ಅವಳನ್ನು ತಿನ್ನುತ್ತಿತ್ತು. ಇಬ್ಬರೂ ಆ ಹಣ ಅಲುಗಾಡುವುದನ್ನೇ ಕಾಯುತ್ತಿದ್ದರು. ಅದು ಕಲ್ಲಿನ ಹಾಗೆ ಬಿದ್ದಿತ್ತು.

ಭಾವ ಆ ಕುರ್ಚಿಯಲ್ಲೇ ಹೋದ. ಒಂದು ಮಧ್ಯಾಹ್ನ, ಒಬ್ಬ ಮುದುಕಿಗೆ ಗ್ಲಾಸು ಬದಲಿಸಿ ಬದಲಿಸಿ, ಈಗ ಚೆನ್ನಾಗಿದೆಯಾ, ಈಗಲಾ ಎಂದು ಕೇಳಿ ಕಳುಹಿಸಿದ ಮೇಲೆ, ಸುಸ್ತು ಎಂದು ಕೂತವನು ಏಳಲಿಲ್ಲ. ಎದೆಬಡಿತ ನಿಂತಿತ್ತು. ಕೌಂಟರಿನ ಅಕ್ಕ ಅವನನ್ನೇ ನೋಡುತ್ತಿದ್ದಳಂತೆ, ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದಳಂತೆ. ಅವತ್ತು ಬೆಳಿಗ್ಗೆಯಿಂದ ಅವನ ಜೊತೆ ಅವಳು ಆಡಿದ್ದು ಒಂದೇ ಮಾತು, ಚಿಲ್ಲರೆ ಇದೆಯಾ ಎಂದು.

ಅವನ ಬಟ್ಟೆಬರೆಯನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ ಅಕ್ಕ ಕನ್ನಡಕವನ್ನು ನನ್ನ ಬೆಂಚಿನ ಮೇಲೆ ಕುಕ್ಕಿದಳು. ಬಡವರಿಗೆಂದು ಹಳೆಯ ಕನ್ನಡಕ ಹಾಕುವ ಡಬ್ಬಿಯೊಂದು ನಮ್ಮಲ್ಲಿದೆ. ಇದನ್ನೂ ಅದಕ್ಕೆ ಹಾಕು, ನನ್ನ ಕಣ್ಣಿಗೆ ಬೀಳುವುದು ಬೇಡ ಎಂದಳು. ಡಬ್ಬಿಗೆ ಹಾಕುವ ಮುನ್ನ ಪವರ್ ನೋಡಿ ಚೀಟಿ ಅಂಟಿಸುವುದು ರೂಢಿ. ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು. ಪವರ್ ನೋಡುವ ಯಂತ್ರಕ್ಕಿಟ್ಟು, ಗ್ಲಾಸನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮೂಲೆಯಲ್ಲಿ, ನಮಗೆ ಗ್ಲಾಸು ಮಾಡಿಕೊಡುವ ಲ್ಯಾಬಿನವರ ಸಣ್ಣ ಗುರುತು ಮಿಂಚಿತು. ಓದುವುದಕ್ಕೂ ನಡೆಯುವುದಕ್ಕೂ ಒಂದೇ ಆಗುವಂಥ ಹೊಸ ಗ್ಲಾಸು. ಕಳವಿಗೆ ಸ್ವಲ್ಪ ಮುಂಚೆ ಭಾವ ಪವರ್ ಬದಲಾಯಿಸಿಕೊಂಡದ್ದು ಆಗ ನೆನಪಾಯಿತು.

ಬೇರೆ ಕನ್ನಡಕಗಳಿಗೆ ಲ್ಯಾಬಿನಿಂದ ಬರಿಯ ಗ್ಲಾಸು ಬರುತ್ತದೆ, ಕೂರಿಸುವವಳು ನಾನು. ಆದರೆ ಭಾವನದು ಅಂಚಿಲ್ಲದ ಕನ್ನಡಕ. ಅದರಲ್ಲಿ ಗ್ಲಾಸಿನ ಸುತ್ತ ಫ್ರೇಮಿಲ್ಲ, ಗ್ಲಾಸಿಗೇ ತೂತು ಕೊರೆದು ಕಡ್ಡಿ ಸಿಕ್ಕಿಸಬೇಕು. ಆ ಯಂತ್ರ ನಮ್ಮಲ್ಲಿಲ್ಲ. ಹಾಗಾಗಿ ಅಂಥವು ಕಡ್ಡಿಯ ಸಮೇತ, ದಿನಾ ಸಂಜೆ ನಾನು ಕಟ್ಟಿ ಕಳಿಸುವ ಕೆಲಸದ ಡಬ್ಬಿಯಲ್ಲಿ ಲ್ಯಾಬಿಗೆ ಹೋಗುತ್ತವೆ. ಭಾವ ತನ್ನದನ್ನು ತಾನೇ ಬಿಚ್ಚಿ ಆ ಡಬ್ಬಿಗೆ ಹಾಕಿ, ವಾರವಿಡೀ ಹಳೆಯ ದಪ್ಪ ಕನ್ನಡಕದಲ್ಲಿ ಓಡಾಡಿದ್ದ. ಅವನು ಠಾಣೆಯಲ್ಲಿ ಬೇಕೆಂದು ಸುಳ್ಳು ಹೇಳಲಿಲ್ಲ. ನಮ್ಮ ಕಸುಬಿನವರ ಪಾಲಿಗೆ ಲ್ಯಾಬಿಗೆ ಹೋಗುವುದು ಹೊರಗೆ ಹೋಗುವುದೇ ಅಲ್ಲ, ಲ್ಯಾಬೆಂದರೆ ಅಂಗಡಿಯ ಹಿಂದಿನ ಕೋಣೆ ಇದ್ದ ಹಾಗೆ. ದಿನಾ ಡಬ್ಬಿ ಕಟ್ಟುವ ನನಗೂ ಹೊಳೆದಿರಲಿಲ್ಲ. ಬೇರೆ ಯಾವ ಕಸುಬಿನವನಾಗಿದ್ದರೂ, ಹೌದು, ಒಂದು ಸಲ ರಿಪೇರಿಗೆ ಕೊಟ್ಟಿದ್ದೆ ಎಂದು ಮೊದಲ ದಿನವೇ ಹೇಳಿ ಬಚಾವಾಗುತ್ತಿದ್ದ. ತೂತು ಕೊರೆಯುವವರೋ ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೂರುವವರು.

ನಾನು ಲ್ಯಾಬಿಗೆ ಓಡಿದೆ. ಅಂಚಿಲ್ಲದ ಕನ್ನಡಕಗಳ ಕೆಲಸಗಾರ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ, ಅವನ ಫೋನ್ ಸತ್ತಿದೆ, ಎಲ್ಲಿಯವನೆಂದು ಯಾರಿಗೂ ನೆನಪಿಲ್ಲ ಎಂದ ಲ್ಯಾಬಿನ ಮಾಲೀಕ. ಠಾಣೆಗೆ ಹೋದೆ. ಅವನು ಓದಿದ್ದನ್ನು ನೋಡಿದವರು ಇದ್ದಾರೆಯೇ ಎಂದರು ಇನ್‌ಸ್ಪೆಕ್ಟರ್. ಅಲ್ಲದೆ ದೂರುದಾರರೇ ತೀರಿಕೊಂಡಿದ್ದಾರೆ, ಫೈಲು ಮುಚ್ಚುವ ಹಂತದಲ್ಲಿದೆ ಎಂದರು. ಅವರ ಮೇಜಿನ ಗಾಜನ್ನು ಪುಡಿಪುಡಿ ಮಾಡಬೇಕು ಅನಿಸಿತು. ನಮಸ್ಕಾರ ಹೇಳಿ ಎದ್ದು ಬಂದೆ.

ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಕಣ್ಣು ತುಂಬಿಕೊಂಡು ಕೇಳಿದಳು, ಆದರೆ ನಂಬಿಕೆ ಅಷ್ಟು ಸುಲಭಕ್ಕೆ ವಾಪಸ್ ಬರಲಿಲ್ಲ. "ಅವನೂ ಓದಿರಬಹುದು," ಎಂದಳು. "ಇವರೂ ತೆಗೆದಿರಬಹುದು. ಇವರೇ ತೆಗೆದಿದ್ರೆ ಅದು ಇನ್ನು ಯಾವತ್ತೂ ಕದಲಲ್ಲ, ಅಲ್ವಾ?"

ಅಲ್ಲಿಂದ ಶುರುವಾಯಿತು ಅವಳ ಹೊಸ ಕಾಯುವಿಕೆ. ಮೊದಲು ಹಣ ಇದೆ ಎಂದು ನೋಡಿ ಉಸಿರು ಬಿಡುತ್ತಿದ್ದವಳು ಈಗ ಇದೆ ಎಂದು ನೋಡಿ ಕುಸಿಯುತ್ತಿದ್ದಳು. ತನ್ನ ಹಣವನ್ನು ಕಳ್ಳ ಪೂರ್ತಿಯಾಗಿ ಹೊತ್ತುಕೊಂಡು ಹೋಗಲಿ ಎಂದು ಹಂಬಲಿಸುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕನ್ನಡಕ ಬಡವರ ಡಬ್ಬಿಗೆ ಹೋಗಲಿಲ್ಲ, ಅವಳ ಕೌಂಟರಿನ ಡ್ರಾಯರಿನಲ್ಲಿ ಉಳಿಯಿತು.

ಒಂದು ಬೆಳಿಗ್ಗೆ, ಅಂಗಡಿಯ ನೆಲ ಒರೆಸಿ ಇನ್ನೂ ಆರಿರಲಿಲ್ಲ, ಅಕ್ಕ ಬೆಂಚಿನ ಹತ್ತಿರ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಖಾತೆಯಲ್ಲಿ ಸೊನ್ನೆ. ನಾಣ್ಯಗಳು ನೂರಾರು ಚೂರಾಗಿ, ಊರೆಲ್ಲರ ಹಣ ಕಲಸಿ ಹಂಚುವ ಜಾಗವೊಂದಕ್ಕೆ ಹೋಗಿದ್ದವು. ಅಲ್ಲಿಂದ ಹೊರಬಿದ್ದದ್ದರಲ್ಲಿ ನಮ್ಮದು ಯಾವುದು ಎಂದು ಹೇಳುವುದು, ಹಂಡೆಗೆ ಸುರಿದ ಒಂದು ಲೋಟ ನೀರನ್ನು ಮತ್ತೆ ಬೇರೆ ತೆಗೆದ ಹಾಗೆ. ಬಾಡಿಗೆಯ ಅಂಗಡಿಯಲ್ಲೇ ನಮ್ಮ ಬದುಕು ಮುಗಿಯುತ್ತದೆ ಎಂಬುದು ಆ ಸೊನ್ನೆಯ ಅರ್ಥ.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ, ಅಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿ ಹೇಳಿದೆ. ಆ ಕಲಸುವ ಜಾಗದವರು ಯಾವ ದೇಶದ ಪೊಲೀಸರಿಗೂ ಉತ್ತರ ಕೊಡುವುದಿಲ್ಲ ಎಂದರು. ಆಮೇಲೆ, "ಹಾಗಾದ್ರೆ ನಿಮ್ಮ ಭಾವನಿಗೆ ಒಬ್ಬ ಪಾಲುದಾರ ಇದ್ದ ಅಂತಾಯ್ತು," ಎಂದರು. ಅಕ್ಕ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಆರಿಸಿದಳು. ತನ್ನ ಗುಟ್ಟನ್ನು ಹೆಂಡತಿಗೂ ಹೇಳದ ಮನುಷ್ಯನಿಗೆ ಪಾಲುದಾರನೆಲ್ಲಿಂದ ಬರಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಡ್ರಾಯರಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಪರೀಕ್ಷೆಯ ಕೋಣೆಗೆ ಹೋದಳು. ಕುರ್ಚಿ ಇನ್ನೂ ಕೌಂಟರಿನ ಕಡೆಗೇ ತಿರುಗಿತ್ತು. ಭಾವ ಹೋದಮೇಲೆ ಅದನ್ನು ತಿರುಗಿಸುವ ಮನಸ್ಸು ನಮಗಿಬ್ಬರಿಗೂ ಬಂದಿರಲಿಲ್ಲ. ಅದರ ಎದುರಿಗೆ ನಿಂತಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಕದಲ್ತು ಕಣ್ರೀ," ಎಂದಳು. "ನಂಬಿದೆ."

ಕೇಳಿಸಿಕೊಳ್ಳಲು ಅಲ್ಲಿ ನಾನೊಬ್ಬಳೇ ಇದ್ದೆ.